ಡೇಟಾಬೇಸಿನಲ್ಲಿ ಕೆಡುವ ಕನ್ನಡ ಅಕ್ಷರಗಳು: ದೋಷದ ಪತ್ತೆ ಮತ್ತು ಪರಿಹಾರ

ಕನ್ನಡ ಸಂಘಗಳು, ಶಾಲೆಗಳು ಹಾಗೂ ಗ್ರಂಥಾಲಯಗಳು ಸದಸ್ಯರ ಹೆಸರು, ಪುಸ್ತಕಗಳ ಪಟ್ಟಿ ಮುಂತಾದವುಗಳನ್ನು ಗಣಕಯಂತ್ರದಲ್ಲಿ ಕನ್ನಡದಲ್ಲಿಯೇ ಇರಿಸಿಕೊಳ್ಳುವುದು ಇಂದು ಸಾಧ್ಯವಾಗಿದೆ. ಆದರೆ ಶುದ್ಧವಾಗಿ ಬೆರಳಚ್ಚು ಮಾಡಿದ ಹೆಸರು, ಡೇಟಾಬೇಸಿನಿಂದ ಮರಳಿ ಬರುವಾಗ ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿರುತ್ತದೆ. ಇದರ ಹೊಣೆಯನ್ನು ಸಾಮಾನ್ಯವಾಗಿ ಫಾಂಟಿನ ಮೇಲೆ ಹೊರಿಸಲಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಫಾಂಟು ನಿರಪರಾಧಿ.

ಗಣಕಯಂತ್ರಕ್ಕೆ ತಿಳಿದಿರುವುದು ಅಂಕೆಗಳು ಮಾತ್ರ. ಯಾವ ಅಂಕೆ ಯಾವ ಅಕ್ಷರ ಎಂಬ ಒಪ್ಪಂದವೇ ಸಂಕೇತ ಪದ್ಧತಿ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ 'ಇಸ್ಕಿ' ಎಂಬ ಮಾನಕವನ್ನು ಹೊರತಂದಿತು. ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯೂ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟ್‌ಗಳು ಬೇಕು. 'ಕರ್ನಾಟಕ' ಎಂಬ ಪದ ಕಣ್ಣಿಗೆ ನಾಲ್ಕೇ ಅಕ್ಷರವಾದರೂ, ವಿರಾಮ ಚಿಹ್ನೆ ಮತ್ತು ಸ್ವರಚಿಹ್ನೆ ಸೇರಿ 7 ಸಂಕೇತಗಳಾಗಿ, 21 ಬೈಟ್‌ಗಳನ್ನು ಆಕ್ರಮಿಸುತ್ತದೆ.

ಈ ಒಪ್ಪಂದವನ್ನು ಮೂರು ಕಡೆ ಪಾಲಿಸಬೇಕಾಗುತ್ತದೆ: ಅನ್ವಯಿಕ ತಂತ್ರಾಂಶ, ಡೇಟಾಬೇಸಿನ ಕೋಷ್ಟಕ ಮತ್ತು ಇವೆರಡರ ನಡುವಣ ಸಂಪರ್ಕ. ಮೊದಲೆರಡನ್ನು ಎಲ್ಲರೂ ಪರಿಶೀಲಿಸುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ತಂತ್ರಾಂಶವು ಯುಟಿಎಫ್-8 ಬೈಟ್‌ಗಳನ್ನು ಕಳುಹಿಸುತ್ತಿದ್ದು, ಸಂಪರ್ಕವು 'ಇದು ಲ್ಯಾಟಿನ್-1' ಎಂದು ಘೋಷಿಸಿದರೆ, ಡೇಟಾಬೇಸು ಒಂದೊಂದು ಬೈಟನ್ನೂ ಒಂದೊಂದು ಯುರೋಪಿಯನ್ ಅಕ್ಷರವೆಂದೇ ನಂಬಿ ಮತ್ತೊಮ್ಮೆ ಸಂಕೇತಿಸುತ್ತದೆ. ಆಗ ತಲೆಯ ಮೇಲೆ ಗೆರೆ ಹೊತ್ತ ರೋಮನ್ 'ಎ' ಮತ್ತು ಪುಟ್ಟ 2, 3ರ ಅಂಕೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯವರೆಗೆ ಲ್ಯಾಟಿನ್-1 ಪೂರ್ವನಿಯೋಜಿತ ಪದ್ಧತಿಯಾಗಿದ್ದುದರಿಂದ ಹಳೆಯ ದಾಖಲೆಗಳಲ್ಲಿ ಈ ದೋಷ ಹೇರಳ.

ಪ್ರಶ್ನಾರ್ಥಕ ಚಿಹ್ನೆಗಳ ಕಥೆ ಬೇರೆ. ಕನ್ನಡಕ್ಕೆ ಸ್ಥಾನವೇ ಇಲ್ಲದ ಪದ್ಧತಿಗೆ ಪರಿವರ್ತಿಸುವಾಗ, ತಂತ್ರಾಂಶವು ಪ್ರತಿಯೊಂದು ಸಂಕೇತದ ಬದಲು ಒಂದು ಚಿಹ್ನೆಯನ್ನಿಟ್ಟು ಮುಂದುವರಿಯುತ್ತದೆ. ಅದು ಕೋಷ್ಟಕದಲ್ಲಿಯೇ ದಾಖಲಾಗಿದ್ದರೆ ಮೂಲ ಹೆಸರು ಶಾಶ್ವತವಾಗಿ ನಷ್ಟವಾದಂತೆ. ಕಾಗದದ ಅರ್ಜಿಯನ್ನೋ ಹಳೆಯ ಪ್ರತಿಯನ್ನೋ ಹುಡುಕಬೇಕು. ಬರಿಯ ಚೌಕಗಳು ಕಂಡಲ್ಲಿ ಮಾತ್ರ ಫಾಂಟನ್ನು ಶಂಕಿಸುವುದು ನ್ಯಾಯ.

ಆದ್ದರಿಂದ ಪರದೆಯನ್ನು ನಂಬದೆ, ದಾಖಲಾಗಿರುವ ಬೈಟ್‌ಗಳನ್ನೇ ನೋಡಬೇಕು. ಮೈಎಸ್‌ಕ್ಯೂಎಲ್‌ನ 'ಹೆಕ್ಸ್' ಕ್ರಿಯೆ ಇದಕ್ಕೆ ಒದಗುತ್ತದೆ. 'ಇ0 ಬಿ2' ಅಥವಾ 'ಇ0 ಬಿ3' ಪುನರಾವರ್ತನೆಯಾಗುತ್ತಿದ್ದರೆ ಬೈಟ್‌ಗಳು ಕ್ಷೇಮ. ಕೋಷ್ಟಕದ ಘೋಷಣೆಯೂ ಯುಟಿಎಫ್-8 ಆಗಿದ್ದರೆ ದೋಷ ಓದುವ ದಾರಿಯಲ್ಲಿದೆ. 'ಸಿ3 ಎ0' ಕಂಡರೆ ಎರಡು ಬಾರಿ ಸಂಕೇತಿಸಲಾಗಿದೆ. ಬರೀ '3ಎಫ್' ಇದ್ದರೆ ಅದು ಪ್ರಶ್ನಾರ್ಥಕ ಚಿಹ್ನೆಯೇ.

ಮೊದಲು ಸಂಪರ್ಕವನ್ನು ಸರಿಪಡಿಸತಕ್ಕದ್ದು. ಮೈಎಸ್‌ಕ್ಯೂಎಲ್‌ನಲ್ಲಿ ಸಂಪರ್ಕದ ಪದ್ಧತಿ 'ಯುಟಿಎಫ್8ಎಂಬಿ4' ಎಂದಿರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 'ಕ್ಲೈಂಟ್ ಎನ್‌ಕೋಡಿಂಗ್' ನೋಡಬೇಕು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಅಂಕಣವು 'ಎನ್‌ವಾರ್‌ಚಾರ್' ಆಗಿದ್ದರೂ, ಆದೇಶದಲ್ಲಿ ಬರೆದ ಪಠ್ಯದ ಮುಂದೆ 'ಎನ್' ಅಕ್ಷರ ಬಿಟ್ಟುಹೋದರೆ ಕನ್ನಡ ಕಳೆದುಹೋಗುತ್ತದೆ. ಎರಡು ಬಾರಿ ಸಂಕೇತಗೊಂಡ ಹಳೆಯ ದಾಖಲೆಗಳನ್ನು ಲ್ಯಾಟಿನ್-1ಕ್ಕೆ ಹಿಂತಿರುಗಿಸಿ, ಬೈನರಿಯೆಂದು ಪರಿಗಣಿಸಿ, ಅನಂತರ ಯುಟಿಎಫ್-8 ಎಂದು ಓದಿಸಿದರೆ ಮೂಲ ರೂಪ ಮರಳುತ್ತದೆ. ಈ ಕಾರ್ಯಕ್ಕೆ ಮುನ್ನ ಪೂರ್ಣ ಪ್ರತಿ ತೆಗೆದಿರಿಸುವುದು ಅತ್ಯವಶ್ಯ. ದೋಷಯುಕ್ತ ದಾಖಲೆಗಳಿಗಷ್ಟೇ ಇದನ್ನು ಅನ್ವಯಿಸಬೇಕು, ಇಲ್ಲವಾದರೆ ಸರಿಯಿದ್ದವು ಕೆಡುತ್ತವೆ.

ಅಂಕಣದ ಅಗಲವನ್ನೂ ಗಮನಿಸಬೇಕು. ಆರೆಕಲ್‌ನಲ್ಲಿ ಅಗಲವನ್ನು ಪೂರ್ವನಿಯೋಜಿತವಾಗಿ ಬೈಟ್‌ಗಳಲ್ಲಿ ಎಣಿಸಲಾಗುತ್ತದೆ. 20 ಎಂದು ಘೋಷಿಸಿದ ಅಂಕಣದಲ್ಲಿ 'ಕರ್ನಾಟಕ' ಎಂಬ ಒಂದೇ ಪದವೂ ಹಿಡಿಸುವುದಿಲ್ಲ.