ಮೈಗೆ ಬಳಿಯುವ ಬಣ್ಣಗಳಲ್ಲಿ ಭಾರಲೋಹ: ವರ್ತಕರ ಹೊಣೆ ಎಷ್ಟು?

ಅಷ್ಟಮಿ, ದಸರೆಗಳ ದಿನಗಳಲ್ಲಿ ಕರಾವಳಿಯ ಬಣ್ಣದ ಅಂಗಡಿಗಳಿಗೆ ಹುಲಿವೇಷದ ತಂಡಗಳು ಬರುತ್ತವೆ. ಬಾಗಿಲು, ಕಿಟಕಿಗಳಿಗೆಂದು ತಯಾರಾದ ಎನಾಮೆಲ್ ಬಣ್ಣವನ್ನು ಮೈಗೆ ಬಳಿದುಕೊಂಡು, ಕುಣಿತ ಮುಗಿದ ಬಳಿಕ ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುವ ರೂಢಿ ಬಹುಕಾಲದಿಂದ ಇದೆ. ಡಬ್ಬಿ ಮಾರಿದವರಿಗೆ ಇದರಲ್ಲಿ ಏನಾದರೂ ಹೊಣೆ ಇದೆಯೇ ಎಂಬುದು ವಿಚಾರಾರ್ಹ.

ಮೊದಲು ಪದಾರ್ಥದ ವಿಷಯ. ಎನಾಮೆಲ್ಲಿನ ಹೊಳೆಯುವ ಹಳದಿಗೆ ಸೀಸದ ಕ್ರೋಮೇಟನ್ನೂ ಕೇಸರಿಗೆ ಅದರದೇ ಬಳಗದ ಮಾಲಿಬ್ಡೇಟ್ ಬಣ್ಣವನ್ನೂ ಬಳಸುವುದು ಉದ್ಯಮದ ಹಳೆಯ ಪದ್ಧತಿ. ಹುಲಿಯ ಮೈಬಣ್ಣಗಳೂ ಇವೇ ಎಂಬುದು ದುರದೃಷ್ಟಕರ. ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು 90 ಪಿಪಿಎಂ, ಅಂದರೆ ದಶಲಕ್ಷದಲ್ಲಿ 90 ಭಾಗ ಮೀರಬಾರದೆಂದು 2016ರಲ್ಲಿ ನಿಯಮವಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಕೈಗಾರಿಕಾ ಬಣ್ಣಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಸೌಂದರ್ಯವರ್ಧಕಗಳ ಮಿತಿ ಇನ್ನೂ ಬಿಗಿ: ಅವುಗಳಲ್ಲಿ ಬಳಸಲು ಅನುಮತಿಯಿರುವ ಸಾವಯವ ಬಣ್ಣಗಳಲ್ಲಿ ಸೀಸ 20, ಆರ್ಸೆನಿಕ್ 2, ಉಳಿದ ಭಾರಲೋಹಗಳು ಒಟ್ಟು 100 ಪಿಪಿಎಂ ಮೀರುವಂತಿಲ್ಲ. 20 ಪಿಪಿಎಂ ಎಂದರೆ ಒಂದು ಕಿಲೋ ಬಣ್ಣದಲ್ಲಿ 20 ಮಿಲಿಗ್ರಾಂ. ಆದ್ದರಿಂದ ‘ಸೀಸರಹಿತ’ ಎಂದು ಗೋಡೆಯ ಬಣ್ಣದ ಡಬ್ಬಿಯ ಮೇಲೆ ಬರೆದಿದ್ದ ಮಾತ್ರಕ್ಕೆ ಅದು ಚರ್ಮಕ್ಕೆ ಯೋಗ್ಯವಾಗದು.

ಚರ್ಮದ ಮೂಲಕ ಸೀಸ ಒಳಸೇರುವುದು ಅಲ್ಪ. ಕೈಯಿಂದ ಬಾಯಿಗೆ ಹೋಗುವುದೇ ಮುಖ್ಯ ಅಪಾಯ. ಮಕ್ಕಳ ವೇಷಗಳಲ್ಲಿ ಇದು ಹೆಚ್ಚು. ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂಗಳಾದರೋ ಚರ್ಮದಲ್ಲಿಯೇ ಅಲರ್ಜಿ ಉಂಟುಮಾಡುತ್ತವೆ. 2009ರಲ್ಲಿ ಅಮೆರಿಕದ ‘ಕ್ಯಾಂಪೇನ್ ಫಾರ್ ಸೇಫ್ ಕಾಸ್ಮೆಟಿಕ್ಸ್’ ಸಂಘಟನೆ ಮಕ್ಕಳ ಮುಖಕ್ಕೆ ಹಚ್ಚುವ 10 ಬಣ್ಣಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿಯೂ ಸೀಸ, ಆರರಲ್ಲಿ ಈ ಲೋಹಗಳು ಕಂಡುಬಂದವು. ಸೀಸದ ಪ್ರಮಾಣ ಒಂದು ಪಿಪಿಎಂಗಿಂತಲೂ ಕಡಿಮೆ ಇತ್ತೆಂಬುದನ್ನೂ ಹೇಳಬೇಕು; ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಲೇಬಲ್ ಓದಿದ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಕಲ್ಮಶವನ್ನು ಯಾರೂ ಲೇಬಲ್ಲಿನಲ್ಲಿ ಬರೆಯುವುದಿಲ್ಲ.

ಈಗ ಕಾನೂನು. 1940ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮದ ವ್ಯಾಖ್ಯೆಯಲ್ಲಿ, ದೇಹದ ‘ರೂಪವನ್ನು ಬದಲಿಸಲು’ ಹಚ್ಚುವ ಪದಾರ್ಥವೂ ಸೇರಿದೆ. ಎಂದರೆ ವೇಷದ ಬಣ್ಣವೆಂದು ಮಾರಿದ್ದು ಸೌಂದರ್ಯವರ್ಧಕವೇ. ಚಿಲ್ಲರೆ ವ್ಯಾಪಾರದಲ್ಲಿ ಎಂದಿನಂತೆ ಪೊಟ್ಟಣ ಕಟ್ಟಿಕೊಡುವುದು ‘ತಯಾರಿಕೆ’ಯಲ್ಲ. ಆದರೆ ಸಗಟು ಬಣ್ಣದ ಪುಡಿ ತಂದು, ಎಣ್ಣೆಯಲ್ಲಿ ಕಲಸಿ, ಸ್ವಂತ ಲೇಬಲ್ ಅಂಟಿಸಿದವರು ಕಾನೂನಿನ ದೃಷ್ಟಿಯಲ್ಲಿ ತಯಾರಕರು. 2020ರ ಸೌಂದರ್ಯವರ್ಧಕ ನಿಯಮಗಳಂತೆ ಅವರಿಗೆ ಪರವಾನಗಿ ಬೇಕು. ‘ಸಣ್ಣ ಪ್ರಮಾಣ, ಸೀಸನ್ ವ್ಯಾಪಾರ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಹಾನಿಕರ ಪದಾರ್ಥವಿರುವ ಸೌಂದರ್ಯವರ್ಧಕವನ್ನು ಕಲಬೆರಕೆಯೆಂದು ಪರಿಗಣಿಸಲಾಗುತ್ತದೆ. ಅದಕ್ಕೆ 2008ರ ತಿದ್ದುಪಡಿ ವಿಧಿಸಿದ್ದು ಮೂರು ವರ್ಷದವರೆಗಿನ ಸೆರೆವಾಸ ಹಾಗೂ 50,000 ರೂ. ಅಥವಾ ಜಪ್ತಾದ ಸರಕಿನ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದ ದಂಡ.

ಮಾರಾಟಗಾರರಿಗೆ 19ನೇ ಪ್ರಕರಣ ಒಂದು ರಕ್ಷಣೆ ಕೊಟ್ಟಿದೆ: ಪರವಾನಗಿಯುಳ್ಳ ತಯಾರಕ ಅಥವಾ ವಿತರಕರಿಂದ ಕೊಂಡದ್ದು, ದೋಷ ತನಗೆ ತಿಳಿದಿರಲಿಲ್ಲ, ತಿಳಿಯುವ ಸಾಧ್ಯತೆಯೂ ಇರಲಿಲ್ಲ, ಸರಕನ್ನು ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ಇಟ್ಟಿದ್ದೆ ಎಂದು ರುಜುವಾತುಪಡಿಸಬೇಕು. ರುಜುವಾತಿಗೆ ಬಾಯಿಮಾತು ಸಾಲದು, ಬಿಲ್ಲೇ ಬೇಕು. 18ಎ ಪ್ರಕರಣದಂತೆ ಪರಿವೀಕ್ಷಕರು ಕೇಳಿದಾಗ ಸರಕು ಬಂದ ಮೂಲವನ್ನೂ ತಿಳಿಸಬೇಕಾಗುತ್ತದೆ. ನಗದು ಕೊಟ್ಟು ಬಿಲ್ಲಿಲ್ಲದೆ ತಂದ ಸರಕಿಗೆ ಈ ರಕ್ಷಣೆ ದೊರೆಯುವುದು ಕಷ್ಟ. ತೆರಿಗೆಯ ನಷ್ಟ ಇದರ ಮುಂದೆ ಚಿಲ್ಲರೆಯೇ ಸರಿ.

ಬಿಲ್ಲಿನ ಎಚ್‌ಎಸ್‌ಎನ್ ಸಂಖ್ಯೆಯನ್ನು ಗಮನಿಸುವವರು ವಿರಳ. 3304 ಎಂದಿದ್ದರೆ ಪ್ರಸಾಧನ. 3208 ಎಂದಿದ್ದರೆ ಪೇಂಟ್. 3208ರಲ್ಲಿ ಕೊಂಡು ಮೈಬಣ್ಣವೆಂದು ಮಾರಿದರೆ, ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಕಡತದಲ್ಲಿ ಇಟ್ಟುಕೊಂಡಂತೆ. ತಯಾರಕರು ಪ್ರತಿ ಬ್ಯಾಚಿಗೂ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ಲೋಹಪರೀಕ್ಷಾ ವರದಿ ಪಡೆದು, ಅದರ ಬ್ಯಾಚ್ ಸಂಖ್ಯೆಯನ್ನು ಮಾರಾಟದ ಬಿಲ್ಲಿನಲ್ಲಿಯೂ ನಮೂದಿಸುವುದು ಒಳ್ಳೆಯದು. ಎನಾಮೆಲ್ ಡಬ್ಬಿ ಕೇಳಿ ಬಂದ ವೇಷಧಾರಿಗೆ ಅಂಗಡಿಯಲ್ಲಿ ಮೈಗೆಂದೇ ತಯಾರಾದ ಬಣ್ಣವಿದ್ದರೆ ಅದನ್ನು ತೋರಿಸಬಹುದು. ಬೆಲೆ ಹೆಚ್ಚೆಂದು ಆತ ಗೊಣಗಿದರೂ ಸೋಪು ನೀರಿಗೆ ಹೋಗುತ್ತದೆಂದು ತಿಳಿಸಿದರೆ ಕೊಳ್ಳುವ ಸಂಭವವಿದೆ.