ಜೇನು ಮುಟ್ಟಿದ ಯೋನಾತಾನ: ಉಪವಾಸದಲ್ಲಿ ತಲೆ ಸುತ್ತಿದರೆ ಏನು ಮಾಡಬೇಕು?

ಯುವಜನರ ಕೂಟದ ಪಾಠ
ಓದಬೇಕಾದ ಭಾಗ: 1 ಸಮುವೇಲ 14:24-32, 45, ಮಾರ್ಕ 8:1-9

ಮುಂದಿನ ಸೋಮವಾರದಿಂದ ನಮ್ಮ ಸಭೆಯಲ್ಲಿ 21 ದಿನಗಳ ಉಪವಾಸ ಪ್ರಾರ್ಥನೆ ಶುರುವಾಗುತ್ತೆ. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ನೀವೇ, ಯುವಜನರು. ಕರ್ತನಿಗೆ ಸ್ತೋತ್ರ. ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿರೋದರಿಂದ ಪಾಸ್ಟರ್ ಈ ಪಾಠವನ್ನು ನನಗೆ ಒಪ್ಪಿಸಿದ್ದಾರೆ.

ಹೋದ ವಾರ ಒಬ್ಬ ತಂಗಿ ನನ್ನನ್ನು ಕೇಳಿದಳು: "ಅಕ್ಕಾ, ಉಪವಾಸದಲ್ಲಿ ತಲೆ ಸುತ್ತಿದ್ರೆ ಅದು ಸೈತಾನನ ಅಡ್ಡಿನಾ? ಆಗ ಊಟ ಮಾಡಿದ್ರೆ ದೇವರಿಗೆ ಕೊಟ್ಟ ಮಾತು ತಪ್ಪಿದ ಹಾಗಾ?" ಒಳ್ಳೆ ಪ್ರಶ್ನೆ. ಇದನ್ನ ಕೇಳದೆ ಮನಸ್ಸಲ್ಲೇ ಇಟ್ಟುಕೊಂಡವರು ತುಂಬಾ ಜನ ಇದ್ದೀರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡ್ತೀನಿ. ತಲೆಸುತ್ತು ಅಪನಂಬಿಕೆಯ ಗುರುತಲ್ಲ, ಅಭಿಷೇಕದ ಗುರುತೂ ಅಲ್ಲ. ಅದು ದೇಹ ಕೊಡುವ ಸುದ್ದಿ. ಸುದ್ದಿ ಬಂದಾಗ ನಿಲ್ಲಬೇಕು, ಕೂರಬೇಕು, ಯಾರಿಗಾದರೂ ಹೇಳಬೇಕು. ಇನ್ನು ಕೆಲವು ಸಲ ಆಸ್ಪತ್ರೆಗೇ ಹೋಗಬೇಕು.

1. ದೇವರು ಕೇಳದ ಆಣೆ

ಸೌಲ ಯುದ್ಧದ ದಿನ ಜನರ ಮೇಲೆ ಒಂದು ಆಣೆ ಹೊರಿಸಿದ. ಸಾಯಂಕಾಲದವರೆಗೆ ಯಾರೂ ಏನೂ ತಿನ್ನಬಾರದು. ಗಮನಿಸಿ, ಈ ಭಾಗದಲ್ಲಿ ದೇವರು ಹಾಗೆ ಆಜ್ಞೆ ಕೊಟ್ಟ ಅಂತ ಎಲ್ಲಿಯೂ ಬರೆದಿಲ್ಲ. ಅದು ಸೌಲನ ತೀರ್ಮಾನ. ಜನ ಕಾಡಿಗೆ ಬಂದರೆ ನೆಲದ ಮೇಲೆ ಜೇನು. ಯಾರೂ ಮುಟ್ಟಲಿಲ್ಲ, ಭಯ. ಯೋನಾತಾನ ಆ ಆಣೆ ಕೇಳಿರಲಿಲ್ಲ. ಕೋಲಿನ ತುದಿಯನ್ನು ಜೇನಿನಲ್ಲಿ ಅದ್ದಿ ಬಾಯಿಗೆ ಇಟ್ಟ. ಕೂಡಲೇ ಅವನ ಕಣ್ಣಿಗೆ ಕಳೆ ಬಂತು. ಉಳಿದವರು ಸುಸ್ತಾಗಿ ಬಿದ್ದುಹೋಗುವ ಸ್ಥಿತಿಯಲ್ಲಿದ್ದರು.

ಆಮೇಲೆ ಏನಾಯ್ತು ನೋಡಿ. ಅಷ್ಟು ಹಸಿದ ಜನ ಸಂಜೆ ಕೊಳ್ಳೆಯ ಮೇಲೆ ಬಿದ್ದು ರಕ್ತದ ಸಮೇತ ಮಾಂಸ ತಿಂದರು. ನಿಜವಾಗಲೂ ದೇವರ ಆಜ್ಞೆ ಮೀರಿದ್ದು ಅಲ್ಲಿ. ಮನುಷ್ಯ ಹೇರಿದ ಕಟ್ಟುನಿಟ್ಟು ಜನರನ್ನು ಪರಿಶುದ್ಧರನ್ನಾಗಿ ಮಾಡಲಿಲ್ಲ, ಪಾಪದ ಕಡೆಗೇ ದೂಡಿತು.

ಈಗ ಮಾರ್ಕ 8 ನೋಡಿ. ಜನ ಮೂರು ದಿನದಿಂದ ಯೇಸುವಿನ ಜೊತೆ ಇದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೂರು ದಿನದ ಕನ್ವೆನ್ಷನ್. ಊಟ ಮುಗಿದಿದೆ. "ಎಷ್ಟು ಆತ್ಮಿಕರು ಇವರು, ಹಾಗೇ ಹೋಗಲಿ" ಅಂತ ಕರ್ತನು ಬಿಡಲಿಲ್ಲ. ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ದಾರಿಯಲ್ಲಿ ಬಳಲಿ ಬೀಳುತ್ತಾರೆ, ಕೆಲವರು ದೂರದಿಂದ ಬಂದವರು ಅಂತ ಮೊದಲೇ ಯೋಚಿಸಿದನು. ಬಿದ್ದ ಮೇಲೆ ಎಬ್ಬಿಸಲಿಲ್ಲ, ಬೀಳುವ ಮೊದಲೇ ಉಣಿಸಿದನು. ಎಲೀಯನಿಗೂ ಹಾಗೇ. ದೇವದೂತ ಅವನಿಗೆ ಉಪದೇಶ ಕೊಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟ, ಅದೂ ಎರಡು ಸಲ.

2. ತಲೆ ಯಾಕೆ ಸುತ್ತುತ್ತೆ?

"ಶುಗರ್ ಲೋ ಆಗಿದೆ" ಅಂತ ಎಲ್ಲರೂ ಹೇಳ್ತಾರೆ. ಆದರೆ ಆರೋಗ್ಯವಂತರಲ್ಲಿ ಒಂದು ಹೊತ್ತು ಊಟ ಬಿಟ್ಟ ತಕ್ಷಣ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯೋದು ಅಪರೂಪ. ದೇವರು ನಮ್ಮ ಯಕೃತ್ತಿನಲ್ಲಿ ಸುಮಾರು ಒಂದು ದಿನಕ್ಕೆ ಸಾಕಾಗುವಷ್ಟು ಸಕ್ಕರೆ ಕೂಡಿಟ್ಟಿದ್ದಾನೆ. ಅದು ಮುಗಿದ ಮೇಲೆ ದೇಹ ಕೊಬ್ಬನ್ನು ಕರಗಿಸಿ ನಡೆಸುತ್ತೆ.

ಹೆಚ್ಚಾಗಿ ಕಾರಣ ನೀರು ಮತ್ತು ಉಪ್ಪು. ನಮಗೆ ಬೇಕಾದ ನೀರಿನಲ್ಲಿ ಒಂದು ಭಾಗ ಊಟದಿಂದಲೇ ಬರುತ್ತೆ. ಊಟ ಬಿಟ್ಟಾಗ ಅದೂ ಹೋಯ್ತು, ಉಪ್ಪೂ ಹೋಯ್ತು. ಜೊತೆಗೆ ಉಪವಾಸದ ಮೊದಲ ದಿನಗಳಲ್ಲಿ ಮೂತ್ರದ ಮೂಲಕ ಇನ್ನಷ್ಟು ಉಪ್ಪು, ನೀರು ಹೊರಗೆ ಹೋಗುತ್ತೆ. ಆಗ ಮೊಣಕಾಲೂರಿದ್ದವರು ಥಟ್ ಅಂತ ಎದ್ದರೆ ಬಿಪಿ ಇಳಿಯುತ್ತೆ, ಕಣ್ಣು ಕತ್ತಲೆ ಬರುತ್ತೆ. ಎದ್ದ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ತೊಂದರೆ ಅಂತ ಲೆಕ್ಕ ಹಾಕ್ತಾರೆ. ತುಂಬಿದ ಹಾಲ್, ಸೆಕೆ, ಒಂದೂವರೆ ಗಂಟೆ ನಿಂತೇ ಆರಾಧನೆ: ಇಷ್ಟಿದ್ದರೆ ಗಟ್ಟಿಮುಟ್ಟಾದವನೂ ಬೀಳಬಹುದು.

ಇನ್ನೊಂದು ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ಈ ಕಡೆ ಕೂತಿರುವ ತಂಗಿಯರಲ್ಲಿ ಎಷ್ಟೋ ಜನ ಉಪವಾಸ ಶುರುವಾಗುವ ಮೊದಲೇ ಸುಸ್ತಾಗಿದ್ದೀರಿ. ಪಿಜಿ ತಿಂಡಿ ಬೇಡ, ಮಧ್ಯಾಹ್ನ ಒಂದು ಪಫ್ಸ್, ರಾತ್ರಿ ಮ್ಯಾಗಿ. ಅದರ ಮೇಲೆ ಉಪವಾಸ.

ಸ್ವಲ್ಪ ಸ್ವಲ್ಪವೇ ತಿಂದರೂ ಇದು ಬರುತ್ತೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಮಾಡಿದರು. ಅವರು ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ ಈ ಸೇವೆಗೆ ತಾವಾಗಿ ಬಂದವರು. ಹಲವರು ಶಾಂತಿವಾದಿ ಕ್ರೈಸ್ತ ಸಭೆಗಳವರು. 24 ವಾರ ಅವರಿಗೆ ಬೇಕಾದದ್ದರ ಸುಮಾರು ಅರ್ಧದಷ್ಟು ಊಟ ಕೊಟ್ಟರು. ತಲೆಸುತ್ತು, ಸದಾ ಚಳಿ, ಸಿಡುಕು, ಖಿನ್ನತೆ, ಇಡೀ ದಿನ ಊಟದ್ದೇ ಯೋಚನೆ. ನೋಡಿ, ಅವರ ನಂಬಿಕೆ ಕಡಿಮೆ ಇರಲಿಲ್ಲ. ಊಟ ಕಡಿಮೆ ಇತ್ತು.

3. ಆ ಕ್ಷಣದಲ್ಲಿ ಏನು ಮಾಡಬೇಕು?

ತಲೆ ಹಗುರವಾದ ಹಾಗೆ, ಕಣ್ಣು ಮಂಜಾದ ಹಾಗೆ, ಬೆವರು ಬಂದ ಹಾಗೆ ಅನಿಸಿದರೆ ಕೂಡಲೇ ಕೂತುಬಿಡಿ. ಸಾಧ್ಯವಾದರೆ ಮಲಗಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ. "ಎಲ್ಲರೂ ನೋಡ್ತಾರೆ" ಅಂತ ನಾಚಿಕೊಳ್ಳಬೇಡಿ. ನಿಂತಲ್ಲೇ ಬಿದ್ದು ತಲೆ ಒಡೆದುಕೊಂಡವರನ್ನು ನಾನು ನೋಡಿದ್ದೀನಿ. ಬೈಕ್ ಮೇಲಿದ್ದರೆ ಪಕ್ಕಕ್ಕೆ ನಿಲ್ಲಿಸಿ.

ಆಮೇಲೆ ನೀರು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಅಥವಾ ಓಆರ್‌ಎಸ್ ಇನ್ನೂ ಒಳ್ಳೆಯದು. ಮನೆಯಲ್ಲೇ ಮಾಡೋದಾದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಅಳತೆ ಮೀರಬೇಡಿ. ಏನಾದರೂ ತಿನ್ನಿ, ನಿಧಾನವಾಗಿ ಏಳಿ. ಆ ದಿನದ ಉಪವಾಸ ಅಲ್ಲಿಗೆ ಮುಗಿಯಿತು. ಪ್ರಾರ್ಥನೆ ಮುಗಿಯಲಿಲ್ಲ.

ಮಧುಮೇಹ ಇರುವವರು ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಅಥವಾ ಪರೀಕ್ಷಿಸಲು ಸಾಧನ ಇಲ್ಲದೆ ನಡುಕ, ಬೆವರು, ಎದೆ ಡವಡವ ಇದ್ದರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಆಮೇಲೆ ಊಟ.

ಪಕ್ಕದವರು ಬಿದ್ದರೆ? ಪ್ರಾರ್ಥನೆ ಮಾಡಿ, ಖಂಡಿತ. ಆದರೆ ಸುತ್ತಲೂ ಗುಂಪು ಕಟ್ಟಬೇಡಿ, ಗಾಳಿ ಬರಲಿ. ಆತ್ಮದಲ್ಲಿ ಬಿದ್ದಿದ್ದಾರೆ ಅಂತ ಊಹಿಸಿ ಬಿಟ್ಟುಬಿಡಬೇಡಿ, ಮಾತಾಡಿಸಿ ನೋಡಿ, ಉಸಿರು ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸಕ್ಕರೆ ಏನೂ ಹಾಕಬೇಡಿ, ಉಸಿರುಗಟ್ಟುತ್ತೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು 108ಕ್ಕೆ ಕರೆ ಮಾಡಿ. ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಎದೆ ಒತ್ತುವುದನ್ನು ಕೂಡಲೇ ಶುರುಮಾಡಿ.

4. ಯಾವಾಗ ಆಸ್ಪತ್ರೆಗೆ?

ತಡಮಾಡದೆ, ಆ ಕ್ಷಣವೇ ಹೋಗಬೇಕಾದದ್ದು:
– ಪ್ರಜ್ಞೆ ತಪ್ಪಿ ಬಿದ್ದರೆ, ಅದರಲ್ಲೂ ತಲೆಗೆ ಪೆಟ್ಟಾದರೆ, ಫಿಟ್ಸ್ ಬಂದರೆ
– ಎದೆನೋವು, ಉಸಿರಾಟದ ತೊಂದರೆ, ತಾಳತಪ್ಪಿದ ಎದೆಬಡಿತ ಇದ್ದರೆ
– ಮುಖ ಸೊಟ್ಟಗಾದರೆ, ಒಂದು ಕೈ ಕಾಲು ಬಲಹೀನವಾದರೆ, ಮಾತು ತೊದಲಿದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ
– ಗೊಂದಲವಾಗಿ ಮಾತಾಡಿದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ
– ವಾಂತಿ ನಿಲ್ಲದಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ಅರ್ಧ ದಿನವಾದರೂ ಮೂತ್ರ ಬರದಿದ್ದರೆ
– ವಾಂತಿಯಲ್ಲಿ ರಕ್ತ ಇದ್ದರೆ, ಮಲ ಟಾರಿನ ಹಾಗೆ ಕಪ್ಪಾಗಿದ್ದರೆ
– ಗರ್ಭಿಣಿಗೆ ಕಣ್ಣು ಕತ್ತಲೆ ಬಂದು ಬೀಳುವ ಹಾಗಾದರೆ, ಮಧುಮೇಹಿಗೆ ಸಕ್ಕರೆ ಕೊಟ್ಟರೂ ಏರದಿದ್ದರೆ

ಒಂದೆರಡು ದಿನದೊಳಗೆ ವೈದ್ಯರನ್ನು ನೋಡಬೇಕಾದದ್ದು: ತಿಂದು ಕುಡಿದು ವಿಶ್ರಾಂತಿ ಮಾಡಿದರೂ ತಲೆಸುತ್ತು ಹೋಗದಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ, ಮುಟ್ಟು ನಿಂತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ. ಸುತ್ತಲಿನ ಕೋಣೆಯೇ ಗಿರಗಿರ ತಿರುಗಿದ ಹಾಗಾದರೆ ಅದು ಹೆಚ್ಚಾಗಿ ಕಿವಿಯ ಒಳಭಾಗದ ಸಮಸ್ಯೆ, ಹಸಿವಿನದಲ್ಲ, ಅದನ್ನೂ ತೋರಿಸಿ. ಅಲ್ಲಿ ಮಲಗಿಸಿ ನಿಲ್ಲಿಸಿ ಬಿಪಿ, ಹಿಮೋಗ್ಲೋಬಿನ್, ಸಕ್ಕರೆ, ಲವಣಾಂಶ, ಬೇಕಿದ್ದರೆ ಇಸಿಜಿ ನೋಡ್ತಾರೆ. ದೊಡ್ಡ ವಿಷಯ ಅಲ್ಲ. ಆದರೆ "ಉಪವಾಸದಲ್ಲಿದ್ದೀನಿ" ಅನ್ನೋದನ್ನ ವೈದ್ಯರಿಗೆ ಮುಚ್ಚಿಡಬೇಡಿ.

ಒಬ್ಬ ಯುವಕನನ್ನು ನಮ್ಮ ವಿಭಾಗಕ್ಕೆ ಬಸ್ ಸ್ಟಾಪಿನಿಂದ ಕರೆತಂದಿದ್ದರು. ಶುಗರ್ ಮಾತ್ರೆ ಎಂದಿನಂತೆ ನುಂಗಿದ್ದ, ಊಟ ಮಾತ್ರ ಬಿಟ್ಟಿದ್ದ. ಸಕ್ಕರೆ 40ಕ್ಕೆ ಇಳಿದಿತ್ತು. ಡ್ರಿಪ್ ಹಾಕಿ ಎಚ್ಚರವಾದ ಮೇಲೆ ಅವನು ಹೇಳಿದ ಮೊದಲ ಮಾತು: "ಸಿಸ್ಟರ್, ಚರ್ಚ್‌ನಲ್ಲಿ ಹೇಳ್ಬೇಡಿ." ಅವನಿಗೆ ಸಾವಿಗಿಂತ ಜನ ಏನಂತಾರೆ ಅನ್ನೋದೇ ದೊಡ್ಡದಾಗಿತ್ತು. ದೇವರ ಮಕ್ಕಳೇ, ನಮ್ಮ ಸಭೆ ಅಂಥ ಭಯ ಹುಟ್ಟಿಸುವ ಜಾಗ ಆಗಬಾರದು.

5. ಊಟ ಬಿಡಬಾರದವರು

ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, 18 ತುಂಬದವರು, ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ಕಾಯಿಲೆ ಇರುವವರು, ಮೊದಲೇ ತೂಕ ತೀರಾ ಕಡಿಮೆ ಇರುವವರು ಊಟ ಬಿಡುವ ಉಪವಾಸಕ್ಕೆ ಹೆಸರು ಕೊಡಬೇಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆಯನ್ನು ಕೆಳಗೆ ತಳ್ಳುತ್ತೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯ ಇದೆ. ಬಿಪಿ, ಫಿಟ್ಸ್ ಮಾತ್ರೆಯವರೂ ಅಷ್ಟೇ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಪೌಲನ ಜೊತೆಗಾರ ಲೂಕನೂ ವೈದ್ಯನೇ ಅಲ್ವಾ?

ನೀವು ಹೊರಗುಳಿದವರಲ್ಲ. ಫೋನ್ ಬಿಡಿ, ರೀಲ್ಸ್ ಬಿಡಿ, ಸ್ವಿಗ್ಗಿ ಖರ್ಚನ್ನು ಬಡವರಿಗೆ ಕೊಡಿ. ಯೆಶಾಯ 58 ಓದಿ. ದೇವರು ಮೆಚ್ಚುವ ಉಪವಾಸದಲ್ಲಿ ಹಸಿದವನಿಗೆ ರೊಟ್ಟಿ ಹಂಚುವುದೂ ಸೇರಿದೆ.

6. ಉಪವಾಸ ಮುಗಿಸುವಾಗ

ನಮ್ಮಲ್ಲಿ ಬಹುತೇಕರು ಸಂಜೆವರೆಗೆ ಮಾತ್ರ ಊಟ ಬಿಡ್ತೀರಿ. ಅದು ಬೇರೆ. ಆದರೆ ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ, ಅಥವಾ ತೀರಾ ಕಡಿಮೆ ತಿಂದು ಇದ್ದವರು ಒಮ್ಮೆಲೇ ಬಿರಿಯಾನಿಗೆ ಕೈ ಹಾಕಬೇಡಿ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಥಟ್ಟನೆ ಇಳಿದು ಹೃದಯದ ತಾಳ ತಪ್ಪಬಹುದು. ಜೀವವೇ ಹೋಗಬಹುದು. ಅಂಥ ದೀರ್ಘ ಉಪವಾಸವನ್ನು ವೈದ್ಯರಿಗೆ ಹೇಳದೆ ಶುರುಮಾಡಲೂಬೇಡಿ, ಮುಗಿಸಲೂಬೇಡಿ.

7. ಇದು ಉಪವಾಸವೋ, ಬೇರೆಯೋ?

ಇದನ್ನ ಮೆಲ್ಲಗೆ ಹೇಳ್ತೀನಿ. ನಿಮ್ಮಲ್ಲಿ ಕೆಲವರಿಗೆ 21 ದಿನ ಮುಗಿದರೂ ಊಟಕ್ಕೆ ವಾಪಸ್ ಬರೋಕೆ ಮನಸ್ಸಿಲ್ಲ. ಕನ್ನಡಿ, ತೂಕದ ಯಂತ್ರ, ಕ್ಯಾಲೊರಿ ಆ್ಯಪ್. ಯಾರಾದರೂ ಕೇಳಿದರೆ "ಫಾಸ್ಟಿಂಗ್" ಅಂತೀರಿ. ತಿಂದರೆ ತಪ್ಪು ಮಾಡಿದ ಹಾಗೆ ಅನಿಸುತ್ತೆ, ಕೆಲವರು ತಿಂದದ್ದನ್ನು ವಾಂತಿ ಮಾಡ್ತೀರಿ. ಪ್ರಿಯರೇ, ಅದು ಚಿಕಿತ್ಸೆ ಇರುವ ಕಾಯಿಲೆ. ಅದಕ್ಕೆ ನಿಮ್ಮನ್ನು ಯಾರೂ ಬೈಯಲ್ಲ. ನನ್ನ ಹತ್ತಿರ ಬನ್ನಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ

ಸೌಲ ತನ್ನ ಆಣೆಗೋಸ್ಕರ ಸ್ವಂತ ಮಗನನ್ನೇ ಕೊಲ್ಲಲು ಸಿದ್ಧನಾದ. 45ನೇ ವಚನ ನೋಡಿ. ಜನ ಎದ್ದು ನಿಂತು ಯೋನಾತಾನನ್ನು ಬಿಡಿಸಿದರು. ಈ 21 ದಿನ ನಾವು ಆ ಜನರಾಗಬೇಕು. ಇಬ್ಬಿಬ್ಬರು ಜೋಡಿಯಾಗಿ. ದಿನಕ್ಕೊಮ್ಮೆ ಒಂದೇ ಪ್ರಶ್ನೆ: "ನೀರು ಕುಡಿದ್ಯಾ? ಹೇಗಿದ್ದೀಯಾ?" ಒಬ್ಬರು ಊಟ ಮಾಡಿದರೆ ಇನ್ನೊಬ್ಬರು ತೀರ್ಪು ಮಾಡಬಾರದು.

ಗುಂಪಿನಲ್ಲಿ ಚರ್ಚಿಸಿ:
1. ದೇವರು ಕೇಳದ ಯಾವ ಆಣೆಯನ್ನು ನಾನು ನನ್ನ ಮೇಲೆ ಹೇರಿಕೊಂಡಿದ್ದೀನಿ?
2. ನನಗೆ ಯಾವ ಕಾಯಿಲೆ, ಯಾವ ಮಾತ್ರೆ ಇದೆ ಅನ್ನೋದು ನನ್ನ ಜೋಡಿಗೆ ಗೊತ್ತಾ?
3. ನಮ್ಮ ಗುಂಪಿನಲ್ಲಿ "ನನಗೆ ಆಗ್ತಿಲ್ಲ" ಅಂತ ಹೇಳೋದು ಸುಲಭವಾ, ಕಷ್ಟವಾ?

ಪ್ರಾರ್ಥನೆ ಮಾಡೋಣ. ತಂದೆಯೇ, ಈ ದೇಹ ನಿನ್ನ ಕೈಕೆಲಸ. ನಿನ್ನನ್ನು ಹುಡುಕುವ ಈ ಮಕ್ಕಳ ಹಸಿವನ್ನು ನೋಡು. ನಿಲ್ಲಬೇಕಾದಾಗ ನಿಲ್ಲುವ ಜ್ಞಾನ ಕೊಡು, ಬಾಯಿಬಿಟ್ಟು ಹೇಳುವ ಧೈರ್ಯ ಕೊಡು, ಕೇಳಿಸಿಕೊಳ್ಳುವ ಹೃದಯ ನಮಗೆಲ್ಲ ಕೊಡು. ವೈದ್ಯರನ್ನೂ ನರ್ಸ್‌ಗಳನ್ನೂ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.