ಕಣ್ಣು ಕುಪ್ಪಳಿಸುತ್ತದೆ, ಕಿವಿ ಕೈಹಿಡಿಯುತ್ತದೆ

ಮಕ್ಕಳೇ, ಮೈಸೂರಿನ ದೇವರಾಜ ಮೊಹಲ್ಲಾದ ಚಿಕ್ಕ ಗಡಿಯಾರದ ಬಳಿ ನಿಂತು ಸುತ್ತ ನೋಡಿ. ಎಷ್ಟೊಂದು ಅಂಗಡಿ ಫಲಕಗಳು! ‘ಹೂವು’, ‘ಹಣ್ಣು’ ಎಂದಿದ್ದರೆ ಒಂದೇ ನೋಟಕ್ಕೆ ಓದುತ್ತೀರಿ. ಗ್ರಂಧಿಗೆ ಅಂಗಡಿಯ ಸೀಸೆಯ ಮೇಲೆ ‘ದ್ರಾಕ್ಷಾರಿಷ್ಟ’ ಎಂದಿದ್ದರೆ? ಅಕ್ಷರ ಅಕ್ಷರ ಕೂಡಿಸಬೇಕಾಗುತ್ತದೆ. ಈ ವ್ಯತ್ಯಾಸ ಏಕೆ?

ಕಣ್ಣಿನ ಕುಪ್ಪಳಿಕೆ

ಓದುವಾಗ ಕಣ್ಣು ಸಾಲಿನ ಮೇಲೆ ಚಕ್ರದಂತೆ ಉರುಳುವುದಿಲ್ಲ, ಕಪ್ಪೆಯಂತೆ ಕುಪ್ಪಳಿಸುತ್ತದೆ. ಫ್ರಾನ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ತಿಳಿದುಬಂತು. ಪ್ರತಿ ಕುಪ್ಪಳಿಕೆಯ ನಂತರ ಕಣ್ಣು ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ.

ರೂಢಿಯಾದ ಪದಕ್ಕೆ ಒಂದು ನಿಲುಗಡೆ ಸಾಕು. ಹೊಸ ಪದಕ್ಕೆ ಎರಡು ಮೂರು ಬೇಕು. ನಿಲುಗಡೆಗಳು ಬಹಳವಾದರೆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ನೆನಪಿನಿಂದ ಜಾರುತ್ತದೆ. ಕೂಡುವುದು, ಕಳೆಯುವುದು ಚೆನ್ನಾಗಿ ಬಂದರೂ ಲೆಕ್ಕದ ಪ್ರಶ್ನೆ ಅರ್ಥವಾಗದೆ ಉತ್ತರ ತಪ್ಪಬಹುದು. ಇದು ದಡ್ಡತನವಲ್ಲ, ಅಭ್ಯಾಸದ ಕೊರತೆ ಅಷ್ಟೆ.

ಹಾಡಿನ ಜೊತೆ ಓದು

ಈ ಅಭ್ಯಾಸವನ್ನು ಆಟದಂತೆ ಮಾಡಬಹುದೆ? 1996ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಬ್ರಿಜ್ ಕೊಠಾರಿ ಒಂದು ಉಪಾಯ ಮುಂದಿಟ್ಟರು. ಟಿ.ವಿ.ಯಲ್ಲಿ ಬರುವ ಸಿನಿಮಾ ಹಾಡಿನ ಸಾಲುಗಳನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸುವುದು, ಹಾಡುವ ಪದದ ಬಣ್ಣ ಆ ಕ್ಷಣವೇ ಬದಲಾಗುವಂತೆ ಮಾಡುವುದು. ಹಾಡು ಮೊದಲೇ ಬಾಯಿಪಾಠ ಇರುತ್ತದೆ. ಕಿವಿಗೆ ಗೊತ್ತಿರುವ ಪದವನ್ನು ಕಣ್ಣು ಹುಡುಕಿಕೊಳ್ಳುತ್ತದೆ. ಮತ್ತೆ ಮತ್ತೆ ನೋಡಿದಾಗ ಪದದ ರೂಪ ನೆನಪಿನಲ್ಲಿ ನಿಲ್ಲುತ್ತದೆ.

ಬಣ್ಣ ಸರಿಯಾದ ಸಮಯಕ್ಕೆ ಹೇಗೆ ಬದಲಾಗುತ್ತದೆ? ಯಾವ ಪದ ಎಷ್ಟನೆಯ ಸೆಕೆಂಡಿಗೆ ಆರಂಭವಾಗುತ್ತದೆ ಎಂಬ ಪಟ್ಟಿಯನ್ನು ಕಂಪ್ಯೂಟರಿಗೆ ಮೊದಲೇ ಕೊಟ್ಟಿರುತ್ತಾರೆ. ಅದು ಸಮಯ ನೋಡಿಕೊಂಡು ಬಣ್ಣ ಬದಲಿಸುತ್ತದೆ.

ಮಾಡಿ ನೋಡಿ

ಬೇಕಾಗುವುವು: ಧ್ವನಿಮುದ್ರಣ ಸೌಲಭ್ಯವಿರುವ ಮೊಬೈಲ್ ಅಥವಾ ಟ್ಯಾಬ್ (ಶಿಕ್ಷಕರ ಸಹಾಯದಿಂದ), ಪಾಠದಲ್ಲಿ ಎಣಿಸಿಟ್ಟ 60 ಪದಗಳು.

1. ಅಷ್ಟೂ ಪದಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ. ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳಿ.

2. ಪುಸ್ತಕದ ಮೇಲೆ ಬೆರಳಿಟ್ಟು ನಿಮ್ಮದೇ ಧ್ವನಿಯನ್ನು ಕೇಳಿ. ತಡವರಿಸಿದ ಪದಗಳಿಗೆ ಗುರುತು ಹಾಕಿ. ಓದುವಾಗ ಗಮನವೆಲ್ಲ ಅಕ್ಷರಗಳ ಮೇಲಿದ್ದುದರಿಂದ ಆಗ ಕೇಳಿಸದ ತಪ್ಪು ಈಗ ಕೇಳಿಸುತ್ತದೆ.

3. ಗುರುತಿಸಿದ ಪದಗಳ ಅರ್ಥ, ಉಚ್ಚಾರಣೆಯನ್ನು ಶಿಕ್ಷಕರಿಂದ ತಿಳಿದುಕೊಂಡು ಅಭ್ಯಾಸ ಮಾಡಿ. ನಾಲ್ಕು ದಿನ ಬಿಟ್ಟು ಅದನ್ನೇ ಮತ್ತೆ ಮುದ್ರಿಸಿ.

60 ಪದಗಳಿಗೆ 90 ಸೆಕೆಂಡು ಹಿಡಿದರೆ ವೇಗ ನಿಮಿಷಕ್ಕೆ 40 ಪದ. 60 ಸೆಕೆಂಡಿಗೆ ಇಳಿದರೆ ನಿಮಿಷಕ್ಕೆ 60 ಪದ. ಗೆಳೆಯರೊಂದಿಗೆ ಪಂದ್ಯ ಬೇಡ. ನಿಮ್ಮ ಹಿಂದಿನ ಓದಿನೊಂದಿಗೆ ಮಾತ್ರ ಹೋಲಿಸಿ.

ನೆನಪಿಡಿ: ವೇಗವೊಂದೇ ಓದಲ್ಲ. ಓದಿದ್ದನ್ನು ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಲು ಬಂದರೆ ಮಾತ್ರ ಅದು ಓದು. ಯಂತ್ರ ಧ್ವನಿಯನ್ನು ಹಿಡಿದಿಟ್ಟು ಕೇಳಿಸುತ್ತದೆ, ಅರ್ಥ ಮಾಡಿಕೊಳ್ಳಬೇಕಾದವರು ನೀವೇ.

ಯೋಚಿಸಿ

ಕನ್ನಡ ಹಾಡಿನ ಕೆಳಗೆ ಇಂಗ್ಲಿಷ್ ಅನುವಾದ ತೋರಿಸಿದರೆ ಕನ್ನಡ ಓದಲು ಅದು ಇಷ್ಟೇ ಸಹಾಯ ಮಾಡೀತೆ? ಕಾರಣ ಕೊಡಿ.